ವೈಜನಾಥ ಬಿರಾದಾರ: ಹಳ್ಳಿಯ ರಂಗಮಂಚದಿಂದ ಬೆಳ್ಳಿತೆರೆಯ ನಡುಮಧ್ಯಕ್ಕೆ

ಕಲಬುರಗಿ ನಗರದಿಂದ ಹುಮನಾಬಾದ್ ಮಾರ್ಗವಾಗಿ ಹೊರಟರೆ ಸುಮಾರು 35 ಕಿ.ಮೀ. ದೂರದಲ್ಲಿ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಈ ಊರು ಈಗ ತಾಲ್ಲೂಕು ಕೇಂದ್ರ. ಕಮಲಾಪುರವನ್ನು ದಾಟಿ, ಹುಮನಾಬಾದನ್ನು ಹಾದು ಮುಂದೆ ಸಾಗಿದರೆ ಬೀದರ್ ಜಿಲ್ಲೆಯ ಭಾಲ್ಕಿ ಸೀಮೆ. ಆ ತಾಲ್ಲೂಕಿನ ತೇಗಂಪುರ ಎಂಬ ಸಣ್ಣ ಹಳ್ಳಿಯಿಂದ ಬಂದ ಕಲಾವಿದರೊಬ್ಬರು 2011ರಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿ ನಡೆದ ‘ಇಮ್ಯಾಜಿನ್ ಇಂಡಿಯಾ’ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿಗೆ ಪಾತ್ರರಾದರು. ಅವರೇ ವೈಜನಾಥ ಬಿರಾದಾರ.

ಪ್ರಶಸ್ತಿಯ ಸುದ್ದಿ ಬಂದಾಗ ಕನ್ನಡ ಪ್ರೇಕ್ಷಕರಿಗೆ ಆದ ಆಶ್ಚರ್ಯ ಸಣ್ಣದಲ್ಲ. ಬಿರಾದಾರ ಅಪರಿಚಿತರೇನೂ ಆಗಿರಲಿಲ್ಲ. ಮೂರು ದಶಕಗಳ ಕಾಲ ಅವರನ್ನು ತೆರೆಯ ಮೇಲೆ ಎಲ್ಲರೂ ನೋಡಿದ್ದರು. ಕೃಶ ದೇಹ, ಒಳಸೇರಿದ ಕೆನ್ನೆ, ಉತ್ತರ ಕರ್ನಾಟಕದ ಬಿರುಸು ಮಾತು. ಭಿಕ್ಷುಕನಾಗಿಯೋ ಕುಡುಕನಾಗಿಯೋ ಒಂದೆರಡು ನಿಮಿಷ ಬಂದು, ನಗಿಸಿ ಮರೆಯಾಗುತ್ತಿದ್ದ ಮುಖ ಅದು. ಮುಖ ಎಲ್ಲರಿಗೂ ಗೊತ್ತಿತ್ತು, ಹೆಸರು ಅನೇಕರಿಗೆ ಗೊತ್ತಿರಲಿಲ್ಲ. ಗಿರೀಶ ಕಾಸರವಳ್ಳಿ ಅವರ ‘ಕನಸೆಂಬೋ ಕುದುರೆಯನೇರಿ’ ಚಿತ್ರ ಆ ಹೆಸರನ್ನು ಮೊದಲ ಸಾಲಿಗೆ ತಂದು ನಿಲ್ಲಿಸಿತು.

ರಂಗಭೂಮಿಯ ಕಲಾವಿದ ಸಿನಿಮಾಕ್ಕೆ ಬಂದು ಗೆಲ್ಲುವುದು ಕನ್ನಡಕ್ಕೆ ಹೊಸದಲ್ಲ. ಆದರೆ ಬಿರಾದಾರರ ಗೆಲುವನ್ನು ಬೇರೆಯಾಗಿ ನೋಡಬೇಕಾಗುತ್ತದೆ. ಅವರು ಸಿನಿಮಾವನ್ನು ಪ್ರವೇಶಿಸಿದ ದಿನವೇ ಬೇರೆ, ಸಿನಿಮಾ ಅವರನ್ನು ನಿಜವಾಗಿ ಕಂಡ ದಿನವೇ ಬೇರೆ. ಈ ಎರಡು ದಿನಗಳ ನಡುವೆ ಸುಮಾರು ಮೂರು ದಶಕಗಳ ಅಂತರವಿದೆ. ಈ ಲೇಖನ ಆ ಅಂತರವನ್ನು ಕುರಿತದ್ದು.

ರಂಗವೇ ಪಾಠಶಾಲೆ

ಹಿಂದಿನ ಹೈದರಾಬಾದ್ ಕರ್ನಾಟಕ, 2019ರಿಂದ ಕಲ್ಯಾಣ ಕರ್ನಾಟಕ ಎಂದು ಕರೆಯಲಾಗುತ್ತಿರುವ ಈ ಭಾಗದಲ್ಲಿ ನಾಟಕ ಎಂಬುದು ನಗರದ ಸಭಾಂಗಣಕ್ಕೆ ಮೀಸಲಾದ ಕಲೆಯಲ್ಲ. ಜಾತ್ರೆ, ಉರುಸು, ಯುಗಾದಿ, ಸುಗ್ಗಿ ಮುಗಿದ ಬಿಡುವಿನ ದಿನಗಳು ಬಂದರೆ ಹಳ್ಳಿಹಳ್ಳಿಯಲ್ಲೂ ನಾಟಕದ ಮಾತು ಆರಂಭವಾಗುತ್ತದೆ. ಊರಿನ ಯುವಕರು ಸೇರಿ ಒಂದು ಸಾಮಾಜಿಕ ನಾಟಕವನ್ನು ಆರಿಸಿಕೊಳ್ಳುತ್ತಾರೆ. ಹಾರ್ಮೋನಿಯಂ ಮಾಸ್ತರರು ಬಂದು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಪರದೆ, ವೇಷಭೂಷಣ, ದೀಪ ಎಲ್ಲವೂ ಬಾಡಿಗೆಗೆ ಬರುತ್ತವೆ. ಸ್ತ್ರೀ ಪಾತ್ರಗಳಿಗೆ ಹೊರಗಿನಿಂದ ವೃತ್ತಿನಿರತ ಕಲಾವಿದೆಯರನ್ನು ಕರೆಸುತ್ತಾರೆ. ರಾತ್ರಿ ಹತ್ತಕ್ಕೆ ಪರದೆ ಸರಿದರೆ ಬೆಳಗಿನ ಜಾವದವರೆಗೂ ಆಟ ನಡೆಯುತ್ತದೆ.

ಇದರ ಜೊತೆಗೆ ವೃತ್ತಿ ಕಂಪನಿಗಳ ಪರಂಪರೆ ಬೇರೆಯೇ ಇದೆ. ಜಾತ್ರೆಯಿಂದ ಜಾತ್ರೆಗೆ ಡೇರೆ ಹೊತ್ತು ಸಾಗುವ ಕಂಪನಿಗಳು ಉತ್ತರ ಕರ್ನಾಟಕದ ಜನರಿಗೆ ದೊಡ್ಡ ಮನರಂಜನೆಯಾಗಿದ್ದವು. ಬಾದಾಮಿ ಸಮೀಪದ ಬನಶಂಕರಿ ಜಾತ್ರೆಯಲ್ಲಿ ಹಲವು ಕಂಪನಿಗಳು ಒಟ್ಟಿಗೆ ಬೀಡುಬಿಟ್ಟು ಪೈಪೋಟಿಯಿಂದ ನಾಟಕವಾಡುವುದು ಪ್ರಸಿದ್ಧ. ದೊಡ್ಡಾಟ, ಸಣ್ಣಾಟಗಳಂತಹ ಬಯಲು ರೂಪಗಳು ಇವೆರಡಕ್ಕೂ ಹಿಂದಿನವು.

ಇಂತಹ ವಾತಾವರಣದಲ್ಲಿ ಬೆಳೆದ ನಟನಿಗೆ ಪ್ರತ್ಯೇಕ ತರಬೇತಿ ಶಾಲೆ ಬೇಕಾಗಿಲ್ಲ. ಆದರೆ ತರಬೇತಿಯೇ ಇಲ್ಲವೆಂದು ತಿಳಿದರೆ ಅದು ತಪ್ಪಾದೀತು. ಸಾವಿರ ಜನ ಕುಳಿತ ಬಯಲಿನಲ್ಲಿ ಕಟ್ಟಕಡೆಯ ಸಾಲಿನವನಿಗೂ ಮಾತು ಮುಟ್ಟಬೇಕು. ಪ್ರೇಕ್ಷಕ ಬೇಸರಗೊಂಡರೆ ಎದ್ದು ಹೋಗುತ್ತಾನೆ, ಇಲ್ಲವೇ ಕೂಗುತ್ತಾನೆ. ನಗೆ ಉಕ್ಕಿ ಬಂದಾಗ ಮುಂದಿನ ಮಾತನ್ನು ತಡೆದು ನಿಲ್ಲಬೇಕು, ನಗೆ ಇಳಿಯುವ ಮುನ್ನವೇ ಮತ್ತೆ ಹಿಡಿಯಬೇಕು. ಸಹನಟ ಮಾತು ಮರೆತರೆ ತಾನೇ ಹೊಸ ಮಾತು ಹುಟ್ಟಿಸಿ ದೃಶ್ಯವನ್ನು ಕಾಪಾಡಬೇಕು. ಹಾಸ್ಯ ಪಾತ್ರಧಾರಿಗಂತೂ ಈ ಹೊಣೆ ಇಮ್ಮಡಿ. ಕಥೆಯ ಭಾರವನ್ನು ನಾಯಕ ಹೊತ್ತರೂ ರಾತ್ರಿಯ ಎಚ್ಚರವನ್ನು ಹೊರುವವನು ಹಾಸ್ಯಗಾರನೇ.

ಬಿರಾದಾರರು ಈ ರಂಗದಿಂದ ಬಂದವರು. ಅವರು ಸಿನಿಮಾಕ್ಕೆ ತಂದದ್ದು ಸುಂದರ ರೂಪವನ್ನಲ್ಲ, ದೊಡ್ಡವರ ಶಿಫಾರಸನ್ನೂ ಅಲ್ಲ. ಜನರ ಎದುರಿನಲ್ಲಿ ಪಳಗಿದ ಕಾಲಜ್ಞಾನ ಮತ್ತು ತಾನು ಹುಟ್ಟಿದ ನೆಲದ ಮಾತು ಇವೆರಡೇ ಅವರ ಬಂಡವಾಳ.

ಬರ ತೆರೆದ ಬಾಗಿಲು

ಕಲಬುರಗಿಯಿಂದ ಬೆಂಗಳೂರಿಗೆ ಸುಮಾರು 600 ಕಿ.ಮೀ. ಭಾಲ್ಕಿಯಿಂದ ಇನ್ನೂ ಹೆಚ್ಚು. ಕನ್ನಡ ಚಿತ್ರೋದ್ಯಮ ಮೊದಲು ಮದರಾಸಿನಲ್ಲಿ, ಅನಂತರ ಬೆಂಗಳೂರಿನಲ್ಲಿ ನೆಲೆ ನಿಂತಿತು. ಈ ಎರಡೂ ನಗರಗಳು ಬೀದರ್ ಕಲಾವಿದನ ಪಾಲಿಗೆ ದೂರದವು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಏಕೀಕೃತ ರಾಜ್ಯವನ್ನು ಸೇರಿದ ಈ ಭಾಗದ ಭಾಷೆಯೂ ಉದ್ಯಮಕ್ಕೆ ದೂರದ್ದಾಗಿತ್ತು. ಉರ್ದು, ಮರಾಠಿ, ತೆಲುಗು ಪದಗಳು ಬೆರೆತ ಈ ಕನ್ನಡವನ್ನು ಸಿನಿಮಾ ಬಹುಕಾಲ ನಗೆಗಾಗಿ ಮಾತ್ರ ಬಳಸಿಕೊಂಡಿತು.

ಇಂತಹ ಸ್ಥಿತಿಯಲ್ಲಿ ಸಿನಿಮಾವೇ ಬೀದರಿಗೆ ಬಂತು. ಯು.ಆರ್. ಅನಂತಮೂರ್ತಿ ಅವರ ಕಥೆಯನ್ನು ಆಧರಿಸಿ ಎಂ.ಎಸ್. ಸತ್ಯು ನಿರ್ದೇಶಿಸಿದ ‘ಬರ’ ಚಿತ್ರದ ಚಿತ್ರೀಕರಣ ಬೀದರ್ ಪರಿಸರದಲ್ಲಿ ನಡೆಯಿತು. ಅನಂತನಾಗ್ ಮುಖ್ಯ ಭೂಮಿಕೆಯಲ್ಲಿದ್ದ, 1982ರಲ್ಲಿ ತೆರೆಕಂಡ ಈ ಚಿತ್ರ ಬರಗಾಲದ ನಡುವೆ ಸಿಲುಕಿದ ಜಿಲ್ಲಾಡಳಿತದ, ರಾಜಕಾರಣದ, ಜನರ ಹಸಿವಿನ ಕಥೆ. ಬಿರಾದಾರರ ಚಿತ್ರಜೀವನ ಆರಂಭವಾದದ್ದು ಈ ಚಿತ್ರದಿಂದಲೇ. ಮಳೆ ಕೈಕೊಟ್ಟ ನೆಲದ ಕಥೆಯೊಂದು ಆ ನೆಲದ ನಟನಿಗೆ ಬಾಗಿಲು ತೆರೆದದ್ದು ವಿಚಿತ್ರವಾದರೂ ಸತ್ಯ.

ಬಾಗಿಲು ತೆರೆಯಿತು, ಆದರೆ ಒಳಗೆ ಸಿಕ್ಕ ಜಾಗ ಚಿಕ್ಕದು. ಅವರ ಕೃಶಕಾಯವನ್ನು ಕಂಡ ಉದ್ಯಮ ಅದಕ್ಕೆ ಒಂದೇ ಅರ್ಥ ಕೊಟ್ಟಿತು. ಭಿಕ್ಷುಕ ಬೇಕೆಂದರೆ ಬಿರಾದಾರ, ಕುಡುಕ ಬೇಕೆಂದರೆ ಬಿರಾದಾರ ಎಂಬಂತಾಯಿತು. ಇಂತಹ ಪಾತ್ರಗಳಿಗೆ ಕಥೆಯಲ್ಲಿ ಹಿಂದಿಲ್ಲ, ಮುಂದಿಲ್ಲ. ಅವಕ್ಕೆ ಮನೆಯಿಲ್ಲ, ಹೆಂಡತಿಯಿಲ್ಲ, ಎಷ್ಟೋ ಸಲ ಹೆಸರೂ ಇಲ್ಲ. ನಾಯಕ ಒಂದು ಮಾತಾಡಬೇಕು, ಎದುರಿಗೆ ನಿಂತವನು ಬೆಪ್ಪಾಗಬೇಕು, ಪ್ರೇಕ್ಷಕ ನಗಬೇಕು. ಅಷ್ಟಕ್ಕೆ ಕೆಲಸ ಮುಗಿಯಿತು.

ಆದರೂ ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಸಣ್ಣ ಪಾತ್ರಗಳಲ್ಲಿ ನೂರಾರು ಚಿತ್ರಗಳವರೆಗೆ ಬಾಳುವುದು ಅದೃಷ್ಟದಿಂದ ಸಾಧ್ಯವಾಗುವ ಮಾತಲ್ಲ. ಎರಡು ನಿಮಿಷದೊಳಗೆ ಒಬ್ಬ ಮನುಷ್ಯನನ್ನು ಕಟ್ಟಿ ತೋರಿಸಬಲ್ಲವನನ್ನು ಮಾತ್ರ ನಿರ್ದೇಶಕರು ಮತ್ತೆ ಮತ್ತೆ ಕರೆಯುತ್ತಾರೆ. ಬಿರಾದಾರರ ಪ್ರತಿಭೆ ಆ ಎರಡು ನಿಮಿಷಗಳಲ್ಲೂ ಇತ್ತು. ನೋಡುವವರ ಕಣ್ಣು ಮಾತ್ರ ನಾಯಕನ ಮೇಲಿತ್ತು.

ಸವಾರಿಯಿಂದ ಕನಸಿನ ಕುದುರೆಗೆ

ರಾಯಚೂರು ಜಿಲ್ಲೆಯವರಾದ ಕಥೆಗಾರ ಅಮರೇಶ ನುಗಡೋಣಿ ಅವರ ‘ಸವಾರಿ’ ಕಥೆ ‘ಕನಸೆಂಬೋ ಕುದುರೆಯನೇರಿ’ ಚಿತ್ರದ ಮೂಲ. ನಿರ್ಮಾಪಕರು ಬಸಂತಕುಮಾರ್ ಪಾಟೀಲ್. ಚಿತ್ರಕಥೆಯಲ್ಲಿ ಕಾಸರವಳ್ಳಿ ಅವರ ಜೊತೆಗೆ ಗೋಪಾಲಕೃಷ್ಣ ಪೈ ಕೈಜೋಡಿಸಿದರು. 2009ನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಈ ಚಿತ್ರ ಅತ್ಯುತ್ತಮ ಕನ್ನಡ ಚಿತ್ರ ಎಂಬ ಗೌರವ ಪಡೆಯಿತು. ಅತ್ಯುತ್ತಮ ರೂಪಾಂತರಿತ ಚಿತ್ರಕಥೆಯ ಪ್ರಶಸ್ತಿಯೂ ಇದರ ಪಾಲಾಯಿತು. 2010ರಲ್ಲಿ ಚಿತ್ರ ತೆರೆಕಂಡಿತು.

ಕಥೆಯ ತಿರುಳು ಸರಳವಾದದ್ದು, ಅದರ ಪರಿಣಾಮ ಸರಳವಲ್ಲ. ಈರ್ಯಾ ಊರಿನಲ್ಲಿ ಹೆಣ ಹೂಳುವ ಕುಣಿ ತೋಡುವವನು. ಅವನ ಹೆಂಡತಿ ರುದ್ರಿ. ಸಿದ್ಧನು ಕನಸಿನಲ್ಲಿ ಕಾಣಿಸಿಕೊಂಡರೆ ಊರಿನಲ್ಲಿ ಒಂದು ಸಾವು ಸಂಭವಿಸಿದೆ ಎಂಬುದು ಈ ದಂಪತಿಯ ನಂಬಿಕೆ. ಆ ನಂಬಿಕೆ ಎಂದೂ ಸುಳ್ಳಾಗಿಲ್ಲ. ಒಂದು ದಿನ ಸಿದ್ಧ ಕನಸಿಗೆ ಬರುತ್ತಾನೆ. ಹಾಸಿಗೆ ಹಿಡಿದಿರುವ ಊರಗೌಡರು ತೀರಿಕೊಂಡಿರಬೇಕೆಂದು ಈರ್ಯಾ ಭಾವಿಸುತ್ತಾನೆ. ಆದರೆ ಗೌಡರು ಬದುಕಿದ್ದಾರೆಂದು ವಾಡೆಯ ವ್ಯವಹಾರ ನೋಡಿಕೊಳ್ಳುವ ಮಠದಯ್ಯ ಹೇಳಿ ಕಳಿಸುತ್ತಾನೆ. ಗೌಡರು ತೀರಿಕೊಂಡಿರುವುದು ನಿಜ. ತಮ್ಮ ಲಾಭದ ಲೆಕ್ಕಾಚಾರಕ್ಕಾಗಿ ಆ ಸಾವನ್ನು ಮುಚ್ಚಿಡಲಾಗಿದೆ. ಇದು ಈರ್ಯಾನಿಗೆ ತಿಳಿಯದು. ತನ್ನ ಕನಸೇ ಸುಳ್ಳಾಯಿತೆಂದು ಅವನು ಕುಸಿಯುತ್ತಾನೆ.

ಒಂದೇ ಘಟನೆಯನ್ನು ಗುಡಿಸಲಿನ ಕಡೆಯಿಂದಲೂ ವಾಡೆಯ ಕಡೆಯಿಂದಲೂ ನೋಡುವ ಕ್ರಮವನ್ನು ಚಿತ್ರ ಅನುಸರಿಸುತ್ತದೆ. ಉಳ್ಳವರಿಗೆ ಸಾವು ಒಂದು ವ್ಯವಹಾರ. ಇಲ್ಲದವನಿಗೆ ಸಾವೇ ಅನ್ನ. ಇದಕ್ಕಿಂತ ಮಿಗಿಲಾಗಿ, ಇಲ್ಲದವನ ಬಳಿ ಉಳಿದಿರುವ ಏಕೈಕ ಆಸ್ತಿಯಾದ ನಂಬಿಕೆಯನ್ನೂ ಉಳ್ಳವರು ತಮಗರಿವಿಲ್ಲದೆಯೇ ಕಸಿದುಕೊಳ್ಳುತ್ತಾರೆ. ಮೂಢನಂಬಿಕೆಯ ಕಥೆಯೆಂದು ಇದನ್ನು ಬದಿಗೆ ಸರಿಸಲು ಬರುವುದಿಲ್ಲ.

ಈರ್ಯಾನ ಪಾತ್ರ ಬೇಡಿದ್ದೇನು?

ಈರ್ಯಾ ಎಂಬ ಪಾತ್ರ ನಟನಿಗೆ ಇಕ್ಕಟ್ಟಿನದು. ಇನ್ನೊಬ್ಬರ ಸಾವನ್ನು ಕಾಯುವವನು ಅವನು. ಸಾವಿನ ಸುದ್ದಿ ಬಂದರೆ ಅವನ ಮನೆಯಲ್ಲಿ ಒಲೆ ಉರಿಯುತ್ತದೆ. ಆ ನಿರೀಕ್ಷೆಯನ್ನು ನಟ ಸ್ವಲ್ಪ ಹೆಚ್ಚು ತೋರಿದರೂ ಪಾತ್ರ ಕ್ರೂರವಾಗುತ್ತದೆ. ಮರುಕವನ್ನು ಹೆಚ್ಚು ತೋರಿದರೆ ಅಳುಬುರುಕನಾಗುತ್ತಾನೆ. ಮುಗ್ಧತೆಯನ್ನು ಹೆಚ್ಚಿಸಿದರೆ ಬೆಪ್ಪನಾಗುತ್ತಾನೆ, ಪ್ರೇಕ್ಷಕ ನಕ್ಕುಬಿಡುತ್ತಾನೆ. ಮೂವತ್ತು ವರ್ಷ ಪ್ರೇಕ್ಷಕರನ್ನು ನಗಿಸಿದ ಮುಖಕ್ಕೆ ಈ ಕೊನೆಯ ಅಪಾಯ ಎಲ್ಲಕ್ಕಿಂತ ಹೆಚ್ಚು.

ಬಿರಾದಾರರು ಈ ಅಪಾಯವನ್ನು ದಾಟಿದ ಬಗೆಯೇ ಅವರ ದೊಡ್ಡ ಸಾಧನೆ. ತಾವು ಅದುವರೆಗೆ ಬಳಸುತ್ತಿದ್ದ ದೇಹವನ್ನೇ, ಮಾತನ್ನೇ ಇಲ್ಲಿಯೂ ಬಳಸಿದರು. ಹೊಸ ವೇಷ ಹಾಕಲಿಲ್ಲ. ಆದರೆ ಆ ದೇಹಕ್ಕೆ ಈಗ ಒಂದು ಮನೆಯಿತ್ತು, ಒಬ್ಬ ಹೆಂಡತಿಯಿದ್ದಳು, ಒಂದು ಕಸುಬಿತ್ತು, ಒಂದು ದೇವರಿತ್ತು. ಬಡತನ ಎಂಬುದು ವೇಷವಾಗಿ ಉಳಿಯದೆ ಬದುಕಾಯಿತು. ಅದೇ ತೆಳ್ಳನೆಯ ತೋಳು ಗುದ್ದಲಿ ಹಿಡಿದಾಗ ಅದಕ್ಕೊಂದು ಘನತೆ ಬಂತು. ಕಸುಬನ್ನು ಬಲ್ಲವನ ಘನತೆ ಅದು.

ರುದ್ರಿಯಾಗಿ ಅವರ ಎದುರು ನಿಂತವರು ಉಮಾಶ್ರೀ. ಅವರೂ ರಂಗಭೂಮಿಯಿಂದಲೇ ಬಂದವರು. ದೇವನೂರ ಮಹಾದೇವ ಅವರ ‘ಒಡಲಾಳ’ದ ರಂಗರೂಪದಲ್ಲಿ ಸಾಕವ್ವನಾಗಿ ಹೆಸರು ಮಾಡಿದವರು. 1984ರ ‘ಅನುಭವ’ದಿಂದ ಸಿನಿಮಾದಲ್ಲಿ ಪರಿಚಿತರಾಗಿ, ಬಹುಕಾಲ ಹಾಸ್ಯ ಪಾತ್ರಗಳಿಗೆ ಸೀಮಿತರಾಗಿ, 2008ರ ‘ಗುಲಾಬಿ ಟಾಕೀಸ್’ನಲ್ಲಿ ಕಾಸರವಳ್ಳಿ ಅವರ ನಿರ್ದೇಶನದಲ್ಲೇ ಪೂರ್ಣಪ್ರಮಾಣದ ಪಾತ್ರ ಪಡೆದಿದ್ದರು. ಹೀಗೆ ನಗಿಸಲೆಂದೇ ಬಳಕೆಯಾಗಿದ್ದ ಇಬ್ಬರು ರಂಗಕಲಾವಿದರು ಒಂದು ಗುಡಿಸಲಿನಲ್ಲಿ ಗಂಡ ಹೆಂಡತಿಯಾದರು. ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವ ರೀತಿಯಲ್ಲೇ ರಂಗದ ಅನುಭವ ಕಾಣಿಸುತ್ತದೆ. ಮಾತಾಡುವುದನ್ನು ಯಾರಾದರೂ ಕಲಿಯಬಹುದು. ಕೇಳಿಸಿಕೊಳ್ಳುವುದನ್ನು ಕಲಿಸುವುದು ರಂಗ.

ರಂಗಕ್ಕೂ ಕ್ಯಾಮೆರಾಕ್ಕೂ ನಡುವಿನ ದಾರಿ

ರಂಗಭೂಮಿಯ ಅನುಭವವಿದ್ದವರಿಗೆ ಸಿನಿಮಾ ಸುಲಭ ಎಂಬ ಮಾತು ಆಗಾಗ ಕೇಳಿಬರುತ್ತದೆ. ವಾಸ್ತವದಲ್ಲಿ ರಂಗದಲ್ಲಿ ಗಳಿಸಿದ ಕೆಲವು ಗುಣಗಳು ಕ್ಯಾಮೆರಾದ ಮುಂದೆ ಅಡ್ಡಿಯಾಗುತ್ತವೆ. ನಾಟಕದಲ್ಲಿ ಪಾತ್ರ ಸಂಜೆಯಿಂದ ಬೆಳಗಿನವರೆಗೆ ಕ್ರಮವಾಗಿ ಬೆಳೆಯುತ್ತದೆ. ಸಿನಿಮಾದಲ್ಲಿ ಕೊನೆಯ ದೃಶ್ಯವನ್ನು ಮೊದಲ ದಿನವೇ ಚಿತ್ರೀಕರಿಸಬಹುದು. ನಟ ತನ್ನ ಪಾತ್ರದ ಮನಃಸ್ಥಿತಿಯನ್ನು ತುಂಡುತುಂಡಾಗಿ ನೆನಪಿಟ್ಟುಕೊಂಡು, ಕೇಳಿದ ಕ್ಷಣದಲ್ಲಿ ಕೇಳಿದ ತುಂಡನ್ನು ಒದಗಿಸಬೇಕು.

ಎರಡನೆಯದು ಅಳತೆ. ಬಯಲಿನ ಕಡೆಯ ಸಾಲಿಗೆ ತಲುಪಬೇಕಾದ ಹುಬ್ಬಿನ ಚಲನೆ ಸಮೀಪ ಚಿತ್ರಿಕೆಯಲ್ಲಿ ಅತಿರೇಕವಾಗಿ ಕಾಣುತ್ತದೆ. ದನಿಯೂ ಹಾಗೆಯೇ. ಪರದೆಯ ಮೇಲೆ ಮುಖ ಹತ್ತಾರು ಅಡಿ ಎತ್ತರವಾಗುವುದರಿಂದ ನಟ ತನ್ನನ್ನು ಕುಗ್ಗಿಸಿಕೊಳ್ಳಬೇಕು. ಒಳಗಿನ ಭಾವ ಮಾತ್ರ ಕುಗ್ಗಬಾರದು.

ಮೂರನೆಯದು ಪ್ರೇಕ್ಷಕರ ಗೈರುಹಾಜರಿ. ಕಂಪನಿ ನಾಟಕದ ನಟ ಜನರ ಚಪ್ಪಾಳೆ, ನಗೆ, ಮೌನ ಇವುಗಳಿಂದಲೇ ತನ್ನ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತಾನೆ. ಚಿತ್ರೀಕರಣದ ಸ್ಥಳದಲ್ಲಿ ಅವನೆದುರು ಇರುವುದು ಮಸೂರ ಮತ್ತು ತಂತ್ರಜ್ಞರು ಮಾತ್ರ. ಅಲ್ಲಿ ನಗೆ ಬಂದರೆ ದೃಶ್ಯ ಕೆಡುತ್ತದೆ.

ಬಿರಾದಾರರ ಮೂರು ದಶಕಗಳ ಸಣ್ಣ ಪಾತ್ರಗಳನ್ನು ಈ ದೃಷ್ಟಿಯಿಂದ ನೋಡಿದರೆ ಬೇರೆಯ ಅರ್ಥ ಹೊಳೆಯುತ್ತದೆ. ಅವು ಅವರ ಪ್ರತಿಭೆಗೆ ಸಿಕ್ಕ ನ್ಯಾಯವಂತೂ ಅಲ್ಲ. ಆದರೆ ಕ್ಯಾಮೆರಾದ ಅಳತೆಯನ್ನು ಅರಿಯಲು ಅವೇ ದೀರ್ಘ ತಾಲೀಮಾದವು. ರಂಗ ಅವರಿಗೆ ಕಾಲಜ್ಞಾನ ಕೊಟ್ಟಿತು, ಚಿಕ್ಕ ಪಾತ್ರಗಳು ಮಿತವ್ಯಯ ಕಲಿಸಿದವು. ಕಾಸರವಳ್ಳಿ ಅವರ ಚಿತ್ರದಲ್ಲಿ ಈ ಎರಡೂ ಒಂದಾದವು. ಹೀಗಾಗಿ 2010ರಲ್ಲಿ ಒಮ್ಮೆಲೇ ಸಂಭವಿಸಿದ ಪವಾಡದಂತೆ ಕಂಡದ್ದು ವಾಸ್ತವದಲ್ಲಿ ಬಹುಕಾಲದ ದುಡಿಮೆಯ ಫಲ.

ಪರಂಪರೆಯ ಬೆಳಕಿನಲ್ಲಿ

ಕನ್ನಡ ವಾಕ್ಚಿತ್ರ ಹುಟ್ಟಿದ್ದೇ ರಂಗಭೂಮಿಯ ಮಡಿಲಲ್ಲಿ. 1934ರ ಮಾರ್ಚ್ 3ರಂದು ಬಿಡುಗಡೆಯಾದ ‘ಸತಿ ಸುಲೋಚನ’ದಲ್ಲಿ ಅಭಿನಯಿಸಿದ ಎಂ.ವಿ. ಸುಬ್ಬಯ್ಯ ನಾಯ್ಡು ಹಾಗೂ ಆರ್. ನಾಗೇಂದ್ರರಾಯರು ನಾಟಕ ಮಂಡಳಿಯವರು. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. 1954ರ ‘ಬೇಡರ ಕಣ್ಣಪ್ಪ’ ಗುಬ್ಬಿ ಕಂಪನಿಯ ನಟ ಮುತ್ತುರಾಜರನ್ನು ರಾಜಕುಮಾರರನ್ನಾಗಿಸಿತು. ಅದೇ ಚಿತ್ರದಿಂದ ನರಸಿಂಹರಾಜು ಕೂಡ ತೆರೆಗೆ ಬಂದರು. ಇದು ವೃತ್ತಿರಂಗಭೂಮಿಯ ಧಾರೆ.

ಎರಡನೆಯ ಧಾರೆ 1970ರ ‘ಸಂಸ್ಕಾರ’ದ ಸುಮಾರಿಗೆ ಕಾಣಿಸಿಕೊಂಡಿತು. ಗಿರೀಶ ಕಾರ್ನಾಡ, ಬಿ.ವಿ. ಕಾರಂತ, ಸಿ.ಆರ್. ಸಿಂಹ, ಲೋಕೇಶ್ ಮೊದಲಾದವರು ಹವ್ಯಾಸಿ ಹಾಗೂ ಆಧುನಿಕ ರಂಗದ ಅನುಭವವನ್ನು ಸಿನಿಮಾಕ್ಕೆ ತಂದರು. ಹೆಗ್ಗೋಡಿನ ನೀನಾಸಂ, 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣಗಳಿಂದ ಬಂದ ನಟರೂ ಈ ಧಾರೆಯನ್ನು ಬೆಳೆಸಿದ್ದಾರೆ.

ಬಿರಾದಾರರು ಈ ಎರಡೂ ಧಾರೆಗಳಲ್ಲಿ ಸುಲಭವಾಗಿ ಸೇರುವುದಿಲ್ಲ. ಅವರ ಬೆನ್ನಿಗೆ ಹಳೆಯ ಮೈಸೂರಿನ ದೊಡ್ಡ ಕಂಪನಿಯ ಹೆಸರಿರಲಿಲ್ಲ, ರಂಗಶಾಲೆಯ ಪ್ರಮಾಣಪತ್ರವೂ ಇರಲಿಲ್ಲ. ಗಡಿ ಭಾಗದ ಹಳ್ಳಿಯ ರಂಗದಿಂದ ನೇರವಾಗಿ ಬಂದವರು ಅವರು. ಈ ಮೂರನೆಯ ಧಾರೆಯನ್ನು ನಮ್ಮ ಚಿತ್ರಚರಿತ್ರೆ ಸಾಕಷ್ಟು ಗುರುತಿಸಿಲ್ಲ. ಅವರಿಗೆ ದೊರೆತ ಪ್ರಶಸ್ತಿಗೆ ಮಹತ್ವ ಬರುವುದು ಇದೇ ಕಾರಣದಿಂದ.

ಕಲಬುರಗಿ ನಗರಕ್ಕೂ ಸಿನಿಮಾಕ್ಕೂ ಇರುವ ನಂಟು ಕುತೂಹಲಕರ. ನಗರದ ಪ್ರಮುಖ ರಂಗಮಂದಿರಕ್ಕೆ ಇಟ್ಟಿರುವ ಹೆಸರು ಡಾ. ಎಸ್.ಎಂ. ಪಂಡಿತ್ ಅವರದ್ದು. 1916ರಲ್ಲಿ ಇದೇ ಊರಿನಲ್ಲಿ ಜನಿಸಿದ ಈ ಚಿತ್ರಕಲಾವಿದರು ಮುಂಬಯಿಯಲ್ಲಿ ಚಲನಚಿತ್ರಗಳ ಪೋಸ್ಟರುಗಳಿಂದ ಖ್ಯಾತರಾದವರು. ಅಂದರೆ ಈ ಊರಿನ ನಟರು ಬಣ್ಣ ಹಚ್ಚಿ ನಿಲ್ಲುವ ಮಂದಿರವೇ ಬೆಳ್ಳಿತೆರೆಯ ತಾರೆಗಳಿಗೆ ಬಣ್ಣ ತುಂಬಿದ ಕೈಯೊಂದರ ಸ್ಮಾರಕ. ಕಲಬುರಗಿಯಲ್ಲಿ ರಂಗಾಯಣದ ಘಟಕವೂ ಸ್ಥಾಪನೆಯಾಗಿದೆ. ಕಮಲಾಪುರ, ಹುಮನಾಬಾದ್, ಭಾಲ್ಕಿ ಕಡೆಯ ಹಳ್ಳಿಯ ಹುಡುಗನೊಬ್ಬನಿಗೆ ನಟನೆಯನ್ನು ಕ್ರಮವಾಗಿ ಕಲಿಯಬೇಕೆನಿಸಿದರೆ ಬೆಂಗಳೂರಿನವರೆಗೆ ಹೋಗಬೇಕಾದ ಅನಿವಾರ್ಯತೆ ಇಂದು ಮೊದಲಿನಷ್ಟಿಲ್ಲ. 2017ರಲ್ಲಿ ಬೀದರ್ ಮತ್ತು ಕಲಬುರಗಿ ನಡುವಣ ರೈಲು ಮಾರ್ಗವೂ ಕಮಲಾಪುರದ ಮೂಲಕವೇ ಆರಂಭವಾಗಿದೆ. ಬಿರಾದಾರರು ಬಣ್ಣ ಹಚ್ಚತೊಡಗಿದ ಕಾಲದಲ್ಲಿ ಈ ಯಾವ ಅನುಕೂಲವೂ ಇರಲಿಲ್ಲ.

ಭಾಷೆಗೆ ಸಿಕ್ಕ ಗೌರವ

ಈರ್ಯಾನ ಪಾತ್ರದ ಮತ್ತೊಂದು ಸಾಧನೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಅದು ಭಾಷೆಯದು. ಕಲಬುರಗಿ, ರಾಯಚೂರು, ಬೀದರ್ ಕಡೆಯ ಮಾತು ಕನ್ನಡ ಚಿತ್ರಗಳಲ್ಲಿ ಬಹುಮಟ್ಟಿಗೆ ಹಾಸ್ಯನಟನ ಸೊತ್ತಾಗಿತ್ತು. ನಾಯಕ ಒಂದು ಕನ್ನಡ ಮಾತಾಡಿದರೆ ಅವನ ಮನೆಯ ಆಳು ಈ ಕಡೆಯ ಕನ್ನಡ ಮಾತಾಡುತ್ತಿದ್ದ. ಹೀಗೆ ಒಂದು ಪ್ರದೇಶದ ಇಡೀ ಜನರ ಮಾತೇ ನಗೆಯ ಸಾಮಗ್ರಿಯಾಯಿತು. ಆ ಮಾತಿನಲ್ಲೂ ದುಃಖಪಡುವವರು, ಪ್ರೀತಿಸುವವರು, ದೇವರನ್ನು ನೆನೆಯುವವರು ಇದ್ದಾರೆಂಬುದು ಬೆಂಗಳೂರಿನ ಪ್ರೇಕ್ಷಕನಿಗೆ ಕಾಣದೆ ಹೋಯಿತು.

ಬಿರಾದಾರರು ಸ್ವತಃ ಆ ನಗೆಯ ವ್ಯವಸ್ಥೆಯ ಭಾಗವಾಗಿದ್ದವರು. ಹೊಟ್ಟೆಪಾಡಿಗಾಗಿ ಸಿಕ್ಕ ಪಾತ್ರಗಳನ್ನು ಮಾಡಿದವರು. ಅದೇ ದನಿ ‘ಕನಸೆಂಬೋ ಕುದುರೆಯನೇರಿ’ಯಲ್ಲಿ ನಂಬಿಕೆಯ, ಸಂಶಯದ, ಆಳವಾದ ನೋವಿನ ಭಾಷೆಯಾಯಿತು. ರಾಯಚೂರಿನ ಕಥೆಗಾರ, ಬೀದರಿನ ನಟ, ಮಲೆನಾಡಿನ ನಿರ್ದೇಶಕ ಇವರು ಒಟ್ಟುಗೂಡಿ ಮಾಡಿದ ಈ ಕೆಲಸವನ್ನು ಭಾಷೆಯ ನ್ಯಾಯವೆಂದು ಕರೆದರೆ ಅತಿಶಯೋಕ್ತಿಯಾಗದು.

ಮುಂದಿನ ವರ್ಷಗಳಲ್ಲಿ ಈ ದಾರಿ ಇನ್ನಷ್ಟು ತೆರೆದುಕೊಂಡಿದೆ. ಲಾಕ್‌ಡೌನ್ ಕಾಲದಲ್ಲಿ ಊರಿಗೆ ಮರಳುವ ತಂದೆ ಮಗನ ಕಥೆಯನ್ನು ಹೇಳುವ, ಉತ್ಸವ್ ಗೋನವಾರ ನಿರ್ದೇಶನದ ‘ಫೋಟೋ’ 2024ರಲ್ಲಿ ಚಿತ್ರಮಂದಿರಗಳಿಗೆ ಬಂತು. ರಾಯಚೂರು ಸೀಮೆಯ ಮಾತನ್ನು ಅದು ಯಾವ ಸಂಕೋಚವೂ ಇಲ್ಲದೆ ಬಳಸಿತು. ಅದರ ಮುಖ್ಯ ಪಾತ್ರಧಾರಿಗಳಲ್ಲಿ ಒಬ್ಬರಾದ ಮಹಾದೇವ ಹಡಪದ ಸಹ ರಂಗಭೂಮಿಯವರೇ. ಇಂತಹ ಚಿತ್ರಗಳಲ್ಲಿ ಈ ಭಾಗದ ನಟ ಅತಿಥಿಯಲ್ಲ, ಮನೆಯವನು.

ಪ್ರಶಸ್ತಿಯ ನಂತರ

ವಿದೇಶದ ಪ್ರಶಸ್ತಿಯೊಂದು ನಟನ ಬದುಕನ್ನು ರಾತ್ರೋರಾತ್ರಿ ಬದಲಿಸುತ್ತದೆಂಬುದು ಜನಪ್ರಿಯ ಕಲ್ಪನೆ. ಬಿರಾದಾರರ ವಿಷಯದಲ್ಲಿ ಹಾಗಾಗಲಿಲ್ಲ. 2011ರ ಬಳಿಕವೂ ಅವರ ಸಣ್ಣ ಪಾತ್ರಗಳ ಪಯಣ ನಿಲ್ಲಲಿಲ್ಲ. 2023ರಲ್ಲಿ ಅವರು ಮುಖ್ಯ ಪಾತ್ರದಲ್ಲಿ ಕಾಣಿಸಿಕೊಂಡ ಚಿತ್ರವೊಂದು ಅವರ 500ನೇ ಚಿತ್ರವೆಂಬ ಪ್ರಚಾರದೊಂದಿಗೆ ಬಿಡುಗಡೆಯಾಯಿತು. ‘90 ಹೊಡಿ ಮನೀಗ್ ನಡಿ’ ಎಂದಿದ್ದ ಅದರ ಶೀರ್ಷಿಕೆ ಬಿಡುಗಡೆಗೆ ಮುನ್ನ ‘90 ಬಿಡಿ ಮನೀಗ್ ನಡಿ’ ಎಂದಾಯಿತು. ಇಳಿವಯಸ್ಸಿನಲ್ಲೂ ಕುಣಿದು ಕುಪ್ಪಳಿಸಿದ ಬಿರಾದಾರರನ್ನು ಹೊಸ ತಲೆಮಾರಿನ ಪ್ರೇಕ್ಷಕರು ಕಂಡು ಬೆರಗಾದರು.

ಈ ಅಂಕಿಯ ಮುಂದೆ ಸ್ವಲ್ಪ ನಿಂತು ಯೋಚಿಸುವುದು ಒಳ್ಳೆಯದು. ನೂರಾರು ಚಿತ್ರಗಳ ಪೈಕಿ ಈ ನಟನ ಪೂರ್ಣ ಶಕ್ತಿಯನ್ನು ಬಳಸಿಕೊಂಡ ಚಿತ್ರಗಳು ಎಷ್ಟು? ಬೆರಳೆಣಿಕೆಯಷ್ಟು ಎಂದರೆ ತಪ್ಪಾಗಲಾರದು. ಇಲ್ಲಿ ಒಬ್ಬ ವ್ಯಕ್ತಿಯನ್ನು ದೂಷಿಸುವ ಪ್ರಶ್ನೆಯಿಲ್ಲ. ನಾಯಕನ ಸುತ್ತ ಕಥೆ ಹೆಣೆಯುವ ಉದ್ಯಮ ತನ್ನ ಅಂಚಿನಲ್ಲಿ ನಿಂತವರ ಮುಖವನ್ನು ನೋಡುವ ಅಭ್ಯಾಸ ಬೆಳೆಸಿಕೊಳ್ಳಲಿಲ್ಲ. ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ 1986ರ ‘ತಬರನ ಕಥೆ’ಯಲ್ಲೂ ಕಾಸರವಳ್ಳಿ ಮಾಡಿದ್ದು ಇದನ್ನೇ. ಎಲ್ಲರೂ ಕಡೆಗಣಿಸುವ ಮನುಷ್ಯನನ್ನು ತಂದು ಚೌಕಟ್ಟಿನ ನಡುವೆ ನಿಲ್ಲಿಸಿದರು. ಬಿರಾದಾರರ ವಿಷಯದಲ್ಲಿ ಪಾತ್ರವೂ ಕಡೆಗಣಿತ, ಪಾತ್ರಧಾರಿಯೂ ಕಡೆಗಣಿತ.

‘ಭಿಕ್ಷುಕನ ಪಾತ್ರ ಮಾಡುತ್ತಿದ್ದವರು ವಿಶ್ವಮಟ್ಟಕ್ಕೆ ಏರಿದರು’ ಎಂಬ ಹೊಗಳಿಕೆ ಅವರ ಬಗ್ಗೆ ಆಗಾಗ ಕೇಳಿಬರುತ್ತದೆ. ಮೆಚ್ಚುಗೆಯ ಮಾತೇ ಸರಿ, ಆದರೆ ಅದರೊಳಗೆ ಒಂದು ತಪ್ಪು ಅಡಗಿದೆ. ಬಿರಾದಾರರು ಎಲ್ಲಿಂದಲೋ ಎಲ್ಲಿಗೋ ಏರಲಿಲ್ಲ. ತೇಗಂಪುರದ ಕಡೆಯ ಬಯಲಿನಲ್ಲಿ ಬಣ್ಣ ಹಚ್ಚಿದ ದಿನಗಳಿಂದಲೂ ಅವರು ನಟರೇ ಆಗಿದ್ದರು. ಏರಬೇಕಾಗಿದ್ದದ್ದು ನೋಡುವವರ ದೃಷ್ಟಿ. ಅದು ಏರಲು ಮೂವತ್ತು ವರ್ಷ ಹಿಡಿಯಿತು.

ಕಲಬುರಗಿಯಿಂದ ಕಮಲಾಪುರದ ಮಾರ್ಗವಾಗಿ ಸಾಗುವಾಗ ಜಾತ್ರೆಯ ದಿನಗಳಲ್ಲಿ ಇಂದಿಗೂ ಗೋಡೆಗಳ ಮೇಲೆ ನಾಟಕದ ಭಿತ್ತಿಪತ್ರಗಳು ಕಾಣುತ್ತವೆ. ಕೆಳಗಡೆ ಸಣ್ಣ ಅಕ್ಷರಗಳಲ್ಲಿ ಪಾತ್ರಧಾರಿಗಳ ಹೆಸರುಗಳಿರುತ್ತವೆ. ನಾಯಕನ ಹೆಸರಿನ ಬಳಿಕ, ಖಳನಾಯಕನ ಹೆಸರಿನ ಬಳಿಕ, ಕೊನೆಯ ಸಾಲಿನಲ್ಲಿ ಹಾಸ್ಯಪಾತ್ರದವನ ಹೆಸರು. ಇನ್ನು ಮುಂದೆ ಆ ಕೊನೆಯ ಸಾಲನ್ನೂ ಓದುವ ರೂಢಿ ನಮ್ಮದಾಗಲಿ.